ಪಕ್ಷವಿಲ್ಲದೆ ಲೋಕಸಭೆಗೆ ಹೋದ ದಿನಕರ ದೇಸಾಯಿ

1967ರ ಫೆಬ್ರವರಿಯಲ್ಲಿ ನಾಲ್ಕನೆಯ ಮಹಾಚುನಾವಣೆ ನಡೆಯಿತು. ಆಗ ನಮ್ಮ ರಾಜ್ಯದ ಹೆಸರು ಮೈಸೂರು. ಲೋಕಸಭೆಗೆ ಇಲ್ಲಿಂದ 27 ಸ್ಥಾನಗಳಿದ್ದವು. ಕಾಂಗ್ರೆಸ್ಸು 18 ಗೆದ್ದಿತು. ರಾಜಾಜಿಯವರ ಸ್ವತಂತ್ರ ಪಕ್ಷಕ್ಕೆ 5 ಬಂದವು, ಪ್ರಜಾ ಸಮಾಜವಾದಿಗಳಿಗೆ 2, ಸಂಯುಕ್ತ ಸಮಾಜವಾದಿಗಳಿಗೆ 1. ಉಳಿದ ಒಂದು ಸ್ಥಾನ ಯಾವ ಪಕ್ಷದ ಲೆಕ್ಕಕ್ಕೂ ಸಿಗಲಿಲ್ಲ. ಅದು ನಮ್ಮದು, ಕೆನರಾ ಕ್ಷೇತ್ರ. ಇವತ್ತು ಉತ್ತರ ಕನ್ನಡ ಲೋಕಸಭಾ ಕ್ಷೇತ್ರ ಎಂದು ಕರೆಯುವುದನ್ನು ಆಗ ಹಾಗೆ ಕರೆಯುತ್ತಿದ್ದರು. ಅಲ್ಲಿಂದ ಗೆದ್ದವರು ಅಂಕೋಲೆಯ ದಿನಕರ ದೇಸಾಯಿ. ಬೆನ್ನಿಗೆ ಪಕ್ಷವಿಲ್ಲ. ಮತಪತ್ರದಲ್ಲಿ ಅವರ ಹೆಸರಿನ ಮುಂದೆ ಇದ್ದದ್ದು ಪಕ್ಷೇತರರಿಗೆ ಆಯೋಗ ಕೊಡುವ ಒಂದು ಗುರುತು, ಅಷ್ಟೆ.

ಭಟ್ಕಳ, ಹೊನ್ನಾವರ, ಕುಮಟೆಯ ಕರಾವಳಿಯಲ್ಲಿ ಕೂತು ಇವತ್ತು ಈ ಹಳೆಯ ಸಂಗತಿಯನ್ನು ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಹೊನ್ನಾವರ ಪೇಟೆಯಿಂದ ಶರಾವತಿ ದಾಟಿ ತೆಂಕಣಕ್ಕೆ ಇಳಿದರೆ ಕಾಸರಕೋಡ. ಒಂದು ಮಗ್ಗುಲಿಗೆ ಅಳಿವೆ, ಇನ್ನೊಂದು ಮಗ್ಗುಲಿಗೆ ಕಡಲು, ನಡುವೆ ಗಾಳಿಮರದ ತೋಪು. 2020ರಲ್ಲಿ ದೇಶದ ಎಂಟು ಕಡಲತೀರಗಳಿಗೆ ಮೊದಲ ಬಾರಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಪಡುಬಿದ್ರಿ ಮತ್ತು ಕಾಸರಕೋಡ. ಅದೇ ಊರಿನ ಟೊಂಕದಲ್ಲಿ ಬಂದರು ಯೋಜನೆಯೊಂದರ ವಿರುದ್ಧ ಮೀನುಗಾರರು ಹಲವು ವರ್ಷ ಹೋರಾಡಿದ್ದಾರೆ. ದೋಣಿ ಎಳೆದಿಡುವ ಜಾಗ, ಒಣಮೀನು ಹರವುವ ಮರಳು, ಮನೆ ಕಟ್ಟಿಕೊಂಡ ದಿಬ್ಬ ಇವೆಲ್ಲ ಯಾರದು ಎಂಬುದು ಅಲ್ಲಿಯ ಪ್ರಶ್ನೆ. ಬಂದರು, ಕರಾವಳಿ ನಿಯಂತ್ರಣ ವಲಯ, ರಾಷ್ಟ್ರೀಯ ಹೆದ್ದಾರಿ, ಕೊಂಕಣ ರೈಲು, ಈ ಯಾವುದರ ಕಾನೂನೂ ಹೊನ್ನಾವರದಲ್ಲಿ ಹುಟ್ಟಿದ್ದಲ್ಲ. ಎಲ್ಲವೂ ದಿಲ್ಲಿಯಿಂದ ಬಂದದ್ದು. ಹಾಗಿರುವಾಗ ದಿಲ್ಲಿಗೆ ನಾವು ಯಾರನ್ನು ಕಳಿಸುತ್ತೇವೆ, ಅಲ್ಲಿ ಹೋದ ಒಬ್ಬ ಮನುಷ್ಯನಿಂದ ಏನಾಗುತ್ತದೆ ಎಂದು ಕೇಳಿಕೊಳ್ಳಲೇಬೇಕು. ಅದಕ್ಕೆ ಉತ್ತರ ಹುಡುಕಲು ದಿನಕರ ದೇಸಾಯಿಯವರಷ್ಟು ಒಳ್ಳೆಯ ಉದಾಹರಣೆ ಈ ಜಿಲ್ಲೆಯಲ್ಲಿ ಬೇರೆ ಇಲ್ಲ.

ದೇಸಾಯಿಯವರೆಂದರೆ ಹೆಚ್ಚಿನವರಿಗೆ ಚುಟುಕ ನೆನಪಾಗುತ್ತದೆ. ನಾಲ್ಕು ಸಾಲು, ಅಂತ್ಯಪ್ರಾಸ, ಕೊನೆಯ ಸಾಲಿನಲ್ಲಿ ಚುರುಕು. 'ದಿನಕರನ ಚೌಪದಿ' ಎಂಬ ಹೆಸರೇ ಒಂದು ಪ್ರಕಾರದ ಹೆಸರಾಗಿ ನಿಂತಿತು. ಗಡಿಯಾರವನ್ನು ಕುರಿತು ಅವರು ಬರೆದ ಮಕ್ಕಳ ಪದ್ಯವನ್ನು ಬರೆದವರ ಹೆಸರು ಗೊತ್ತಿಲ್ಲದೆಯೇ ಹಾಡಿ ಬೆಳೆದವರು ಕನ್ನಡ ನಾಡಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಕವಿಯ ಕೀರ್ತಿ ಇಷ್ಟು ದೊಡ್ಡದಾದ್ದರಿಂದಲೇ ಅವರ ಸಾರ್ವಜನಿಕ ಜೀವನ ಅದರ ಹಿಂದೆ ಮರೆಯಾಯಿತು. ನನ್ನ ಅಭಿಪ್ರಾಯದಲ್ಲಿ ಆ ಜೀವನ ಅವರ ಚೌಪದಿಗಳಿಗಿಂತ ದೊಡ್ಡ ಕೃತಿ.

ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲೆ ತಾಲೂಕಿನಲ್ಲಿ. ತಂದೆ ಶಾಲಾ ಮಾಸ್ತರರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ ಪಡೆದು ಮುಂಬಯಿಗೆ ಹೋಗಿ ಎಂ.ಎ. ಮತ್ತು ಕಾನೂನು ಓದಿದರು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಕರಾವಳಿಯ ಓದಿದವರಿಗೂ ಓದದವರಿಗೂ ಮುಂಬಯಿಯೇ ದೊಡ್ಡ ಪಟ್ಟಣ. ಅಲ್ಲಿ ವಕೀಲಿ ಮಾಡಿ ಮನೆ ಮಾಡಿಕೊಂಡು ಸುಖವಾಗಿರಬಹುದಿತ್ತು. ದೇಸಾಯಿಯವರು ಸೇರಿದ್ದು ಭಾರತ ಸೇವಕ ಸಮಾಜಕ್ಕೆ.

ಈ ಸಂಸ್ಥೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ತಿಳಿಯದಿದ್ದರೆ ದೇಸಾಯಿಯವರ ರಾಜಕೀಯವೂ ತಿಳಿಯುವುದಿಲ್ಲ. 1905ರಲ್ಲಿ ಪುಣೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ಇದನ್ನು ಸ್ಥಾಪಿಸಿದರು. ಸದಸ್ಯನಾಗುವವನು ಏಳು ಪ್ರತಿಜ್ಞೆ ಮಾಡಬೇಕು. ದೇಶವೇ ಮೊದಲು, ಸೇವೆಯಿಂದ ಸ್ವಂತ ಲಾಭ ಹುಡುಕಕೂಡದು, ತನಗೂ ಸಂಸಾರಕ್ಕೂ ಸಮಾಜ ಕೊಟ್ಟಷ್ಟರಲ್ಲಿ ತೃಪ್ತನಾಗಿರಬೇಕು, ಯಾರೊಡನೆಯೂ ಸ್ವಂತ ಜಗಳ ಕಾಯಬಾರದು, ಹೀಗೆ. ಇದು ಸನ್ಯಾಸ ಅಲ್ಲ, ನೌಕರಿಯೂ ಅಲ್ಲ. ಸಾರ್ವಜನಿಕ ಕೆಲಸವನ್ನೇ ಬಾಳಿನ ಉದ್ಯೋಗ ಮಾಡಿಕೊಂಡವರ ಕೂಟ ಅದು.

ಗೋಖಲೆಯವರು ವೈಸ್‌ರಾಯರ ಶಾಸನಸಭೆಯಲ್ಲಿ ಕೂತದ್ದು ಗೆಲ್ಲಲು ಸಾಧ್ಯವೇ ಇಲ್ಲದ ಜಾಗದಲ್ಲಿ. ಅಲ್ಲಿ ಸರ್ಕಾರದ ಬಹುಮತ ಮೊದಲೇ ಗಟ್ಟಿ. ಆದರೂ ಅವರು ಪ್ರತಿ ವರ್ಷ ಆಯವ್ಯಯದ ಅಂಕಿಗಳನ್ನು ಬಿಡಿಸಿ ಬಿಡಿಸಿ ಮಾತಾಡಿದರು. 1911ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ಮರುವರ್ಷ ಅದು ಬಿದ್ದುಹೋಯಿತು, ಪರವಾಗಿ 13, ವಿರುದ್ಧವಾಗಿ 38. ಆ ಮಸೂದೆಯಲ್ಲಿದ್ದ ಮಾತು ಸಂವಿಧಾನದೊಳಗೆ ಮೂಲಭೂತ ಹಕ್ಕಾಗಿ ಬಂದದ್ದು 2002ರ 86ನೆಯ ತಿದ್ದುಪಡಿಯಲ್ಲಿ. ಕಾಯ್ದೆಯಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಸದನದಲ್ಲಿ ಸೋತ ಒಂದು ಪ್ರಸ್ತಾವ ಸುಮಾರು ನೂರು ವರ್ಷ ಜೀವ ಹಿಡಿದುಕೊಂಡಿತ್ತು.

ಗೋಖಲೆಯವರ ಸಮಾಜದಿಂದ ಹೀಗೆ ಪಕ್ಷದ ಬಲವಿಲ್ಲದೆ ಸದನದಲ್ಲಿ ಕೆಲಸ ಮಾಡಿದವರ ಒಂದು ಸಾಲೇ ಬಂದಿದೆ. ಎನ್.ಎಂ. ಜೋಶಿಯವರು 1921ರಿಂದ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕರ ಪ್ರತಿನಿಧಿಯಾಗಿ ಕೂತರು. ಕಾರ್ಮಿಕ ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕೆಂದು ಅದೇ ವರ್ಷ ಗೊತ್ತುವಳಿ ತಂದರು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆಯಾಯಿತು. ಸಮಾಜದ ಅಧ್ಯಕ್ಷರಾಗಿದ್ದ ಹೃದಯನಾಥ ಕುಂಜ್ರು ಸ್ವಾತಂತ್ರ್ಯದ ನಂತರ ರಾಜ್ಯಸಭೆಯಲ್ಲಿ ಪಕ್ಷೇತರರಾಗಿ ಕೂತರು. ದಿನಕರ ದೇಸಾಯಿಯವರು ಈ ಸಾಲಿನವರು. ಮುಂಬಯಿಯಲ್ಲಿ ಅವರಿಗೆ ಬಿದ್ದ ಕೆಲಸ ಹಡಗು ಕಾರ್ಮಿಕರದು. ನಾವಿಕರ ಸಂಘ ಕಟ್ಟುವುದು, ಅವರ ಕರಾರು, ಕೂಲಿ, ನೇಮಕಾತಿಯಲ್ಲಿ ದಲ್ಲಾಳಿಗಳ ಕಾಟ ಇವುಗಳ ವಿಚಾರ. ಭಾರತದ ಹಡಗು ಕಾರ್ಮಿಕರನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ, ಪ್ರಾಥಮಿಕ ಶಿಕ್ಷಣದ ಇತಿಹಾಸ ಕುರಿತು ಇನ್ನೊಂದನ್ನೂ ಬರೆದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಭೆಗಳಿಗಾಗಿ ಯುರೋಪಿಗೆ ಹೋಗಿಬಂದು 'ನಾ ಕಂಡ ಪಡುವಣ' ಎಂಬ ಪ್ರವಾಸ ಕಥನ ಕೊಟ್ಟರು. ಕಡಲನ್ನು ನೋಡಿ ಪದ್ಯ ಬರೆದವರು ಕರಾವಳಿಯಲ್ಲಿ ಬಹಳ. ಕಡಲ ಮೇಲೆ ದುಡಿಯುವವನ ಪಗಾರದ ಪಟ್ಟಿ ನೋಡಿದ ಕವಿ ಇವರೊಬ್ಬರೇ ಇರಬೇಕು.

ಈಗ ಊರಿಗೆ ಬರೋಣ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದೆ ಅಂಕೋಲೆ, ಸಿದ್ದಾಪುರಗಳಲ್ಲಿ ಕರನಿರಾಕರಣೆ. ಸರ್ಕಾರಕ್ಕೆ ತೀರ್ವೆ ಕೊಡದೆ ಜಮೀನು, ದನ, ಪಾತ್ರೆ ಪರಡಿ ಕಳೆದುಕೊಂಡ ಮನೆತನಗಳ ತ್ಯಾಗ ಸಣ್ಣದಲ್ಲ. ಆದರೆ ಆ ಜಮೀನನ್ನು ಉಳುತ್ತಿದ್ದವನ ಮಾತೇ ಬೇರೆ. ಹಾಲಕ್ಕಿ ಒಕ್ಕಲಿಗ, ನಾಮಧಾರಿ, ಪಟಗಾರ, ಕೋಮಾರಪಂತ ಮನೆಗಳು ಗದ್ದೆಯಲ್ಲಿ ದುಡಿದು ಒಡೆಯನ ಅಂಗಳಕ್ಕೆ ಗೇಣಿ ಅಳೆದುಕೊಟ್ಟು ಬರುತ್ತಿದ್ದವು. ಮೂಲಗೇಣಿಯವನಿಗೆ ಹಕ್ಕು ಕಾಯಂ, ಚಾಲಗೇಣಿಯವನನ್ನು ಯಾವಾಗ ಬೇಕಾದರೂ ಎಬ್ಬಿಸಬಹುದು. ಹೊಳೆಸಾಲಿನ ಗಜನಿ ಭೂಮಿಯಲ್ಲಿ ಕಟ್ಟೆ ಒಡೆದು ಉಪ್ಪುನೀರು ನುಗ್ಗಿ ಕಗ್ಗ ಭತ್ತದ ಬೆಳೆ ಹೋದರೂ ಗೇಣಿಯ ಲೆಕ್ಕ ಹೋಗುತ್ತಿರಲಿಲ್ಲ. ಬಾಕಿ ಉಳಿದರೆ ಸಾಲ, ಸಾಲ ಉಳಿದರೆ ಮಕ್ಕಳ ಜೀತ.

ಈ ರೈತರನ್ನು ದೇಸಾಯಿಯವರೂ ಅವರ ಗೆಳೆಯರೂ 1930ರ ದಶಕದ ಕೊನೆಗೆ ಸಂಘಟಿಸಿದರು. ಉಳುವವನೇ ಹೊಲದೊಡೆಯ ಎಂಬುದು ಆ ಚಳವಳಿಯ ಘೋಷಣೆಯಾಯಿತು. ಸ್ವಾತಂತ್ರ್ಯದ ಹೋರಾಟ ಏರುತ್ತಿದ್ದಾಗ, ಹೋರಾಟಗಾರರಲ್ಲಿ ಎಷ್ಟೋ ಮಂದಿ ತಾವೇ ಭೂಮಾಲೀಕರಾಗಿದ್ದಾಗ, ಒಕ್ಕಲಿನ ಪರವಾಗಿ ನಿಲ್ಲುವುದು ಸುಲಭವಲ್ಲ. ಬ್ರಿಟಿಷರು ಹೋದ ಮೇಲೆ ನೋಡೋಣ ಎನ್ನುವುದು ಎಲ್ಲರಿಗೂ ಅನುಕೂಲವಾದ ಉತ್ತರವಾಗಿತ್ತು. ಹಸಿದವನು ಅಷ್ಟು ಕಾಯಲಾರ ಎಂದು ದೇಸಾಯಿಯವರು ತಿಳಿದಿದ್ದರು. 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು, ಐದು ವರ್ಷ. ಗೋಖಲೆಯವರ ಶಿಷ್ಯಪರಂಪರೆ ಎಂದರೆ ಮಂದಗಾಮಿಗಳು, ಮೃದು ಮಾತಿನವರು ಎಂದು ಇತಿಹಾಸದಲ್ಲಿ ಓದುತ್ತೇವೆ. ಆ ಮಂದಗಾಮಿಯನ್ನು ಅವನ ಸ್ವಂತ ಊರಿನಿಂದ ಹೊರಗಿಡಬೇಕೆಂದು ಬ್ರಿಟಿಷ್ ಸರ್ಕಾರಕ್ಕೆ ಅನ್ನಿಸಿತು ಎಂದ ಮೇಲೆ ಗೇಣಿಯ ಪ್ರಶ್ನೆ ಎಷ್ಟು ಆಳಕ್ಕೆ ಹೋಗಿತ್ತು ಎಂದು ಊಹಿಸಬಹುದು.

ಗಡೀಪಾರಿನ ಅವಧಿ ಮುಗಿದು ಬಂದವರು ಹಿಡಿದದ್ದು ಶಾಲೆಯ ಕೆಲಸ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪನೆಯಾಯಿತು. ಶಿರಾಲಿ, ಮುರ್ಡೇಶ್ವರ, ಮಿರ್ಜಾನ, ದಾಂಡೇಲಿ, ಹೀಗೆ ಕರಾವಳಿಯಲ್ಲೂ ಘಟ್ಟದ ಮೇಲೂ ಜನತಾ ವಿದ್ಯಾಲಯಗಳು ಎದ್ದವು. ಶಿರಾಲಿ, ಮುರ್ಡೇಶ್ವರ ಎರಡೂ ಭಟ್ಕಳ ತಾಲೂಕಿನವು, ಮಿರ್ಜಾನ ಕುಮಟೆಯದು. ಹೈಸ್ಕೂಲು ಎಂದರೆ ತಾಲೂಕಾ ಪೇಟೆಯಲ್ಲಿ, ಅನುಕೂಲಸ್ಥರ ಮಕ್ಕಳಿಗೆ ಎಂಬ ಕಾಲದಲ್ಲಿ ಹಳ್ಳಿಯ ಬದಿಗೇ ಹೈಸ್ಕೂಲು ತಂದರೆ ಏನಾಗುತ್ತದೆ ಎಂಬುದು ಈ ಭಾಗದವರಿಗೆ ನಾನು ವಿವರಿಸಬೇಕಿಲ್ಲ. ಸೇತುವೆಗಳು ಕಡಿಮೆ, ಹೊಳೆ ಹೊಳೆಗೂ ತಾರಿ, ಮಳೆಗಾಲದಲ್ಲಿ ತಾರಿಯೂ ನಿಲ್ಲುವುದು. ಹತ್ತು ಮೈಲು ಆಚೆಗಿನ ಶಾಲೆ ಹುಡುಗಿಯರಿಗೆ ಇಲ್ಲದ ಶಾಲೆಯೇ ಸರಿ. ಗೋಖಲೆಯವರ ಜನ್ಮಶತಾಬ್ದಿಯ ವರ್ಷ 1966ರಲ್ಲಿ ಅಂಕೋಲೆಯಲ್ಲಿ ಕಾಲೇಜು ಶುರುವಾಯಿತು. ಹೆಸರು ಗೋಖಲೆ ಶತಾಬ್ದಿ ಕಾಲೇಜು. ಜೊತೆಗೆ 'ಜನಸೇವಕ' ಎಂಬ ವಾರಪತ್ರಿಕೆ. ತಾಲೂಕಿನ ಅಧಿಕಾರಿಯ ದರ್ಪದಿಂದ ಹಿಡಿದು ದಿಲ್ಲಿಯ ನೀತಿಯವರೆಗೆ ಅದರಲ್ಲಿ ಬರುತ್ತಿತ್ತು. ಚೌಪದಿಗಳು ಮನೆಮನೆಗೆ ತಲುಪಿದ್ದೂ ಆ ಪತ್ರಿಕೆಯಿಂದಲೇ.

ಹೀಗೆ 1967ರ ಹೊತ್ತಿಗೆ ಪಕ್ಷವೊಂದು ಮಾಡಬೇಕಾದ ಕೆಲಸವೆಲ್ಲ ಪಕ್ಷವಿಲ್ಲದೆಯೇ ಆಗಿಹೋಗಿತ್ತು. ಒಕ್ಕಲು ಮಕ್ಕಳಿಗೆ ಅವರ ಹೆಸರು ಗೊತ್ತು, ಶಾಲೆಯ ಮಾಸ್ತರರಿಗೆ ಗೊತ್ತು, ಮುಂಬಯಿಯ ಹಡಗುಕಟ್ಟೆಯಲ್ಲಿ ದುಡಿಯುವ ಮಗನಿಗೆ ಗೊತ್ತು, ಪತ್ರಿಕೆ ಓದುವವನಿಗೆ ಗೊತ್ತು. ಆ ಚುನಾವಣೆಯಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಮತದಾನ. ಹಾಗೆ ಎಲ್ಲ ಕಡೆ ಒಟ್ಟಿಗೆ ನಡೆದದ್ದು ಅದೇ ಕೊನೆ. ಎರಡು ಮತಪತ್ರ, ಎರಡು ಮುದ್ರೆ. ಒಂದು ಕೈಯಲ್ಲಿ ಪಕ್ಷಕ್ಕೆ ಒತ್ತಿದವನು ಇನ್ನೊಂದರಲ್ಲಿ ಮನುಷ್ಯನನ್ನು ನೋಡಿ ಒತ್ತಬಹುದಿತ್ತು. 1952, 1957, 1962 ಮೂರು ಸಲವೂ ಈ ಕ್ಷೇತ್ರ ಕಾಂಗ್ರೆಸ್ಸಿನ ಜೋಕಿಂ ಆಳ್ವರನ್ನು ಕಳಿಸಿತ್ತು. ಆಳ್ವರೂ ಸಾಮಾನ್ಯರಲ್ಲ, ಸ್ವಾತಂತ್ರ್ಯ ಹೋರಾಟಗಾರರು, ಪತ್ರಕರ್ತರು. ಕಾಂಗ್ರೆಸ್ಸಿನ ಹದಿನೈದು ವರ್ಷದ ಆ ರೂಢಿಯನ್ನು ಜಿಲ್ಲೆಯ ಮತದಾರರು ಮುರಿದರು. ಇದು ಅವರು ಮಾಡಿದ ಧೈರ್ಯದ ಕೆಲಸ, ಅದಕ್ಕೆ ಸಲ್ಲಬೇಕಾದ ಗೌರವವನ್ನು ನಾವಿನ್ನೂ ಸಲ್ಲಿಸಿಲ್ಲ.

ದಿಲ್ಲಿಯಲ್ಲಿ ಅವರು ಕಾಲಿಟ್ಟ ಸದನ ಹೇಗಿತ್ತು? 520 ಮಂದಿ. ಕಾಂಗ್ರೆಸ್ಸಿಗೆ 283, ಅಂದರೆ ಬಹುಮತಕ್ಕಿಂತ ಬರೀ 22 ಹೆಚ್ಚು. ಪಕ್ಷೇತರರು 35. ಪಕ್ಷವಿಲ್ಲದ ಸದಸ್ಯನಿಗೆ ಸಚೇತಕನ ಆಜ್ಞೆ ಇಲ್ಲ, ಮನಸ್ಸಿಗೆ ಸರಿಕಂಡಂತೆ ಮತ ಹಾಕಬಹುದು. ಆದರೆ ಚರ್ಚೆಯ ಸಮಯ ಹಂಚುವುದು ಪಕ್ಷಗಳ ಬಲ ನೋಡಿ. ಎಂಟು ತಾಸಿನ ಚರ್ಚೆಯನ್ನು 520 ಜನರಿಗೆ ಸರಿಯಾಗಿ ಹಂಚಿದರೆ ಒಬ್ಬೊಬ್ಬರಿಗೆ ಒಂದು ನಿಮಿಷವೂ ಪೂರಾ ಬರುವುದಿಲ್ಲ. ದೊಡ್ಡ ಪಕ್ಷ ತನ್ನ ಪಾಲನ್ನು ನಾಲ್ಕು ಜನ ಮಾತುಗಾರರಿಗೆ ಕೊಟ್ಟು ಉಳಿದವರನ್ನು ಸುಮ್ಮನೆ ಕೂರಿಸುತ್ತದೆ. ಒಂಟಿ ಸದಸ್ಯನಿಗೆ ಆ ಅನುಕೂಲವಿಲ್ಲ. ಅಧ್ಯಕ್ಷರ ಕಣ್ಣಿಗೆ ಬೀಳಬೇಕು, ಗಂಟೆ ಬಾರಿಸುವುದರೊಳಗೆ ಹೇಳಬೇಕಾದದ್ದನ್ನು ಹೇಳಿ ಮುಗಿಸಬೇಕು. ನಾಲ್ಕು ಸಾಲಿನಲ್ಲಿ ಒಂದು ವಾದ ಮಂಡಿಸಿ ಕೊನೆಯ ಸಾಲಿನಲ್ಲಿ ಹೊಡೆಯುವ ಕಲೆ ಬಲ್ಲ ದೇಸಾಯಿಯವರಿಗೆ ಇದು ಪರಕೀಯವಾದ ಶಿಸ್ತೇನಲ್ಲ.

ಇಷ್ಟಾದರೂ ಸಂಸತ್ತಿನ ನಿಯಮಾವಳಿಯಲ್ಲಿ ಒಬ್ಬನಿಗೂ ಸಿಗುವ ಹಕ್ಕುಗಳಿವೆ. ಪ್ರಶ್ನೆ ಕೇಳುವ ಹಕ್ಕು ಅವುಗಳಲ್ಲಿ ದೊಡ್ಡದು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಎಸೆಯಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಬರಹದಲ್ಲಿ ಉತ್ತರ. ಕಾರವಾರದ ಬಂದರಿಗೆ ಎಷ್ಟು ಹಣ, ಇಂಥ ರೈಲು ಮಾರ್ಗದ ಸಮೀಕ್ಷೆ ಎಲ್ಲಿಗೆ ಬಂತು ಎಂದು ಒಬ್ಬ ಸದಸ್ಯ ಕೇಳಿದರೆ ದಿಲ್ಲಿಯ ಕಚೇರಿಯಿಂದ ಕಡತ ಏಳುತ್ತದೆ, ರಾಜ್ಯಕ್ಕೆ ಕಾಗದ ಹೋಗುತ್ತದೆ, ಜಿಲ್ಲೆಯ ಅಧಿಕಾರಿ ಲೆಕ್ಕ ಕೊಡಬೇಕಾಗುತ್ತದೆ. ಆಯವ್ಯಯದ ಬೇಡಿಕೆಯ ಮೇಲೆ ಕಡಿತದ ಸೂಚನೆ ತರಬಹುದು. ಶುಕ್ರವಾರದ ಮಧ್ಯಾಹ್ನದ ಎರಡೂವರೆ ತಾಸು ಖಾಸಗಿ ಸದಸ್ಯರದು, ಅಲ್ಲಿ ತನ್ನದೇ ಮಸೂದೆ ಮಂಡಿಸಬಹುದು.

ಖಾಸಗಿ ಮಸೂದೆಯಿಂದ ಏನಾಗುತ್ತದೆ ಎನ್ನುವವರಿಗೆ ಆ ಸದನದಲ್ಲೇ ಉತ್ತರವಿದೆ. ಲಖನೌದಿಂದ ಅದೇ 1967ರಲ್ಲಿ ಪಕ್ಷೇತರರಾಗಿ ಗೆದ್ದು ಬಂದವರು ಆನಂದ ನಾರಾಯಣ ಮುಲ್ಲಾ. ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು, ಉರ್ದುವಿನ ಹೆಸರಾಂತ ಕವಿ. ಕೆಳಗಿನ ಕೋರ್ಟು ಬಿಡುಗಡೆ ಮಾಡಿದ ಆರೋಪಿಗೆ ಹೈಕೋರ್ಟು ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಕೊಟ್ಟರೆ ಅವನಿಗೆ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕು ಇರಬೇಕೆಂದು 1968ರಲ್ಲಿ ಅವರು ಮಸೂದೆ ತಂದರು. 1970ರ ಆಗಸ್ಟಿನಲ್ಲಿ ಅದು ಕಾಯ್ದೆಯಾಯಿತು. ಸ್ವತಂತ್ರ ಭಾರತದಲ್ಲಿ ಈವರೆಗೆ ಕಾನೂನಾದ ಖಾಸಗಿ ಮಸೂದೆಗಳು ಒಟ್ಟು 14. ಮುಲ್ಲಾ ಅವರದೇ ಕೊನೆಯದು, ಆಮೇಲೆ ಇಷ್ಟು ದಶಕಗಳಲ್ಲಿ ಒಂದೂ ಇಲ್ಲ. ಆ ಕೊನೆಯ ಬಾಗಿಲು ತೆರೆದಿದ್ದಾಗ ನಮ್ಮ ಜಿಲ್ಲೆಯ ಕವಿಯೂ ಆ ಕವಿಯೂ ಒಂದೇ ಸದನದಲ್ಲಿ, ಇಬ್ಬರೂ ಪಕ್ಷೇತರರಾಗಿ ಕೂತಿದ್ದರು.

ಮೈಸೂರು ರಾಜ್ಯದಿಂದಲೂ ಆ ಸಲ ಒಳ್ಳೊಳ್ಳೆಯ ಒಂಟಿ ದನಿಗಳು ಹೋದವು. ಶಿವಮೊಗ್ಗದಿಂದ ಸಂಯುಕ್ತ ಸಮಾಜವಾದಿ ಪಕ್ಷದ ಜೆ.ಎಚ್. ಪಟೇಲರು, ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತಾಡಿದವರು. ಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿಯವರು ಅದಕ್ಕೆ ಅವಕಾಶ ಕೊಟ್ಟದ್ದರಿಂದ ಮುಂದೆ ಬೇರೆ ಭಾಷೆಗಳವರಿಗೂ ದಾರಿ ಸುಗಮವಾಯಿತು. ಉಡುಪಿಯಿಂದ ಸ್ವತಂತ್ರ ಪಕ್ಷದ ಜೆ.ಎಂ. ಲೋಬೊ ಪ್ರಭು, ನಿವೃತ್ತ ಐಸಿಎಸ್ ಅಧಿಕಾರಿ. ಮರುವರ್ಷ ಮಂಡ್ಯದ ಉಪಚುನಾವಣೆಯಲ್ಲಿ ಪ್ರಜಾ ಸಮಾಜವಾದಿಯಾಗಿ ಗೆದ್ದ ಎಸ್.ಎಂ. ಕೃಷ್ಣ. ಪಟೇಲರೂ ಕೃಷ್ಣರೂ ಮುಂದೆ ದೊಡ್ಡ ಪಕ್ಷಗಳಲ್ಲಿ ಬೆಳೆದು ಮುಖ್ಯಮಂತ್ರಿಗಳಾದರು. ದೇಸಾಯಿಯವರು ತಮ್ಮ ಶಾಲೆಗಳಿಗೆ ಹಿಂತಿರುಗಿದರು.

ಆ ಲೋಕಸಭೆ ಐದು ವರ್ಷ ಪೂರೈಸಲಿಲ್ಲ. 1969ರ ಜುಲೈಯಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ, ನವೆಂಬರಿನಲ್ಲಿ ಕಾಂಗ್ರೆಸ್ಸಿನ ಒಡಕು. ಒಡೆದ ಮೇಲೆ ಇಂದಿರಾ ಗಾಂಧಿಯವರ ಸರ್ಕಾರಕ್ಕೆ ಸ್ವಂತ ಬಹುಮತವಿರಲಿಲ್ಲ, ಒಬ್ಬೊಬ್ಬ ಸದಸ್ಯನ ಮತಕ್ಕೂ ಬೆಲೆ ಬಂದಿತ್ತು. 1970ರ ಡಿಸೆಂಬರಿನಲ್ಲಿ ಸದನ ವಿಸರ್ಜನೆಯಾಯಿತು. 1971ರ ಮಾರ್ಚಿನ ಚುನಾವಣೆಯಲ್ಲಿ ಗರೀಬಿ ಹಟಾವೋ ಅಲೆ. ಮೈಸೂರಿನ 27ಕ್ಕೆ 27 ಸ್ಥಾನವೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಕೆನರಾದಲ್ಲಿ ಬಿ.ವಿ. ನಾಯಕರು ಗೆದ್ದರು, ದೇಸಾಯಿಯವರು ಸೋತರು. ದೇಶದಲ್ಲಿ 35 ಇದ್ದ ಪಕ್ಷೇತರರು 14ಕ್ಕೆ ಇಳಿದರು.

ಆ ಸೋಲನ್ನು ಜನರ ಕೃತಘ್ನತೆ ಎಂದು ಬಣ್ಣಿಸುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಬಡತನ ಹೋಗಲಾಡಿಸುತ್ತೇವೆ ಎಂದು ದೇಶದ ಪ್ರಧಾನಿಯೇ ಹೇಳುವಾಗ, ಮೂವತ್ತು ವರ್ಷದಿಂದ ಅದನ್ನೇ ಕೇಳಿದ ಒಕ್ಕಲು ಅತ್ತ ತಿರುಗಿದ್ದು ಸಹಜ. ತಿರುಗಿದ್ದಕ್ಕೆ ಫಲವೂ ಸಿಕ್ಕಿತು. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಗೇಣಿದಾರ ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ನಿಂತು ಒಡೆಯನಾದ. ನಮ್ಮ ಕಡೆ ಈಗಲೂ 'ಡಿಕ್ಲರೇಶನ್ ಕೊಟ್ಟ ಜಮೀನು' ಎನ್ನುವುದು ಇದನ್ನೇ. ಕಾನೂನು ಬಂತೆಂದು ಎಲ್ಲ ಕಡೆ ಗೇಣಿದಾರ ಎದ್ದು ನಿಲ್ಲಲಿಲ್ಲ. ರಾಜ್ಯದ ಎಷ್ಟೋ ಕಡೆ ಅರ್ಜಿ ಹಾಕಲೂ ಹೆದರಿದವರಿದ್ದರು. ಉತ್ತರ ಕನ್ನಡದ ಒಕ್ಕಲು ಹೆದರದೆ ಹೋದದ್ದಕ್ಕೆ 1940ರ ಸುಮಾರಿನ ರೈತ ಸಭೆಗಳೂ, ಆಮೇಲೆ ತೆರೆದ ಶಾಲೆಗಳೂ ಬಹುಮಟ್ಟಿಗೆ ಕಾರಣ ಎಂದು ನಾನು ನಂಬಿದ್ದೇನೆ. ನೋಟೀಸು ಓದಬಲ್ಲ ಮಗನೊಬ್ಬ ಮನೆಯಲ್ಲಿದ್ದರೆ ತಂದೆಗೆ ಕಚೇರಿಯ ಮೆಟ್ಟಿಲು ಅಷ್ಟು ಎತ್ತರ ಕಾಣುವುದಿಲ್ಲ. ಇದನ್ನೆಲ್ಲ ನೋಡಲು ದೇಸಾಯಿಯವರು ಬದುಕಿದ್ದರು. ತೀರಿಕೊಂಡದ್ದು 1982ರ ನವೆಂಬರ್ 6ರಂದು.

ಅವರ ದಿಲ್ಲಿಯ ನಾಲ್ಕು ವರ್ಷವನ್ನು ತೂಗುವಾಗ ಎಷ್ಟು ಸೇತುವೆ ತಂದರು, ಎಷ್ಟು ಹಣ ತಂದರು ಎಂಬ ಈಗಿನ ತಕ್ಕಡಿ ಸಲ್ಲದು. ಸಂಸದರ ಕೈಗೆ ಕ್ಷೇತ್ರದ ಅಭಿವೃದ್ಧಿಗೆಂದು ನಿಧಿ ಕೊಡುವ ಪದ್ಧತಿಯೇ ಶುರುವಾದದ್ದು 1993ರಲ್ಲಿ. ಲೋಕಸಭೆಯ ಸದಸ್ಯನ ಕೆಲಸ ಕಾನೂನು ಮಾಡುವುದು, ಸರ್ಕಾರವನ್ನು ಪ್ರಶ್ನಿಸುವುದು. ಆ ಕೆಲಸಕ್ಕೆ ದೇಸಾಯಿಯವರಷ್ಟು ತಯಾರಾಗಿ ಹೋದವರು ಕಡಿಮೆ. ಶಿಕ್ಷಣದ ಮೇಲೆ ಪುಸ್ತಕ, ಹಡಗು ಕಾರ್ಮಿಕರ ಮೇಲೆ ಪುಸ್ತಕ, ಗೇಣಿಯ ಮೇಲೆ ಗಡೀಪಾರು, ಪತ್ರಿಕೆ ನಡೆಸಿದ ಅನುಭವ. ಅವರಿಗೆ ಸಿಗದಿದ್ದದ್ದು ಸಮಯ. ಒಂದು ಅವಧಿಯೂ ಪೂರ್ತಿ ಸಿಗಲಿಲ್ಲ.

ಅವರ ನಂತರ ಕರ್ನಾಟಕದಿಂದ ಪಕ್ಷೇತರರೊಬ್ಬರು ಲೋಕಸಭೆಗೆ ಹೋಗಲು 52 ವರ್ಷ ಬೇಕಾಯಿತು, 2019ರಲ್ಲಿ ಮಂಡ್ಯದಿಂದ ಸುಮಲತಾ ಅಂಬರೀಷ್. ಆ ವರ್ಷ ದೇಶಕ್ಕೆಲ್ಲ ಸೇರಿ ಗೆದ್ದ ಪಕ್ಷೇತರರು ನಾಲ್ವರು, 2024ರಲ್ಲಿ ಏಳು. ಚುನಾವಣೆಯ ಖರ್ಚು ಏರಿದೆ, ಠೇವಣಿ 500 ರೂಪಾಯಿ ಇದ್ದದ್ದು 25,000 ಆಗಿದೆ, ಪ್ರಚಾರವೆಲ್ಲ ಪಕ್ಷ ಮತ್ತು ನಾಯಕನ ಮುಖದ ಮೇಲೆ ನಡೆಯುತ್ತದೆ. 1985ರ ಪಕ್ಷಾಂತರ ನಿಷೇಧದ ನಂತರ ಪಕ್ಷದ ಸದಸ್ಯ ಸಚೇತಕನ ಮಾತು ಮೀರಿ ಮತ ಹಾಕಿದರೆ ಸ್ಥಾನವೇ ಹೋಗುತ್ತದೆ. ಇಂಥ ದಿನಗಳಲ್ಲಿ ತನ್ನ ಜಿಲ್ಲೆಯ ಪ್ರಶ್ನೆಗೆ ತನ್ನ ಪಕ್ಷದ ವಿರುದ್ಧವೇ ಮಾತಾಡಬೇಕಾಗಿ ಬಂದರೆ ಒಬ್ಬ ಸಂಸದ ಏನು ಮಾಡುತ್ತಾನೆ? ಟೊಂಕದ ಮೀನುಗಾರ ಕೇಳುತ್ತಿರುವುದು ಇದನ್ನೇ. ಮುಂದಿನ ಸಲ ಮತ ಕೇಳಲು ಬಂದವರಿಗೆ, ಯಾವ ಪಕ್ಷದವರೇ ಆಗಿರಲಿ, ಈ ಪ್ರಶ್ನೆಯನ್ನು ನೇರವಾಗಿ ಹಾಕಿ. ನೀವು ಸದನದಲ್ಲಿ ಏನು ಕೇಳಿದಿರಿ, ಯಾವ ಚರ್ಚೆಯಲ್ಲಿ ಬಾಯಿಬಿಟ್ಟಿರಿ ಎಂದು ಕೇಳಿ. ಉತ್ತರವನ್ನು ಪರೀಕ್ಷಿಸುವುದು ಈಗ ಕಷ್ಟವಲ್ಲ. ಲೋಕಸಭೆಯ ಕಲಾಪಗಳೆಲ್ಲ ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಮೊಬೈಲಿನಲ್ಲೇ ತೆರೆಯುತ್ತವೆ, ಇಂದಿನವೂ 1967ರವೂ.

ಕೊನೆಯದಾಗಿ ಒಂದು ವಿನಂತಿ. ಹೊನ್ನಾವರ, ಕುಮಟೆ, ಭಟ್ಕಳದ ಕಾಲೇಜುಗಳಲ್ಲಿ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ ಓದುವ ಹುಡುಗ ಹುಡುಗಿಯರಿದ್ದೀರಿ. ನಾಲ್ಕನೆಯ ಲೋಕಸಭೆಯ ಕಲಾಪ ತೆರೆದು ಕೆನರಾ ಕ್ಷೇತ್ರದ ಸದಸ್ಯರ ಪ್ರಶ್ನೆಗಳನ್ನೂ ಮಾತುಗಳನ್ನೂ ಒಂದೊಂದಾಗಿ ಕನ್ನಡಕ್ಕೆ ತನ್ನಿ. ನಿಮ್ಮ ಮಾಸ್ತರರು ಸಹಾಯ ಮಾಡುತ್ತಾರೆ. ಹಿರಿಯರೇ, ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ 'ಜನಸೇವಕ'ದ ಒಂದು ಸಂಚಿಕೆಯಾದರೂ ಉಳಿದಿದ್ದರೆ, ಆ ಚುನಾವಣೆಯ ಒಂದು ಕರಪತ್ರವಿದ್ದರೆ, ಗೆದ್ದಲಿಗೆ ಬಿಡಬೇಡಿ. ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ, ಅದು ಅಂಕೋಲೆಯ ಗೋಖಲೆ ಶತಾಬ್ದಿ ಕಾಲೇಜಾದರೆ ಇನ್ನೂ ಒಳ್ಳೆಯದು.